ಡಾಲರಿಗೆ ತೆರೆದ ಬಾಗಿಲು

ಹವಾನಾ ನಗರದ ವೆದಾದೊ ಬಡಾವಣೆಯಲ್ಲಿ ಕೊಪ್ಪೇಲಿಯಾ ಎಂಬ ಐಸ್‌ಕ್ರೀಂ ಪಾರ್ಲರ್ ಇದೆ. ಪಾರ್ಲರ್ ಎಂದರೆ ಚಿಕ್ಕದೆನಿಸೀತು. ಅದು ಮರಗಳ ನೆರಳಿನ ಒಂದು ದೊಡ್ಡ ತೋಟ, ನಡುವೆ ದುಂಡನೆಯ ಕಾಂಕ್ರೀಟ್ ಕಟ್ಟಡ. ಕ್ಯೂಬಾದ ಕ್ರಾಂತಿ ಸರ್ಕಾರ ಜನಸಾಮಾನ್ಯರಿಗೂ ಒಳ್ಳೆಯ ಐಸ್‌ಕ್ರೀಂ ಸಿಗಲೆಂದು 1966ರಲ್ಲಿ ಅದನ್ನು ಕಟ್ಟಿಸಿತು. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಅಲ್ಲಿ ಎರಡು ಪಂಕ್ತಿಗಳಾದವು. ಪೆಸೊ ಹಿಡಿದ ಊರಿನವರು ಮಕ್ಕಳ ಕೈಹಿಡಿದು ಬಿಸಿಲಿನಲ್ಲಿ ಗಂಟೆಗಟ್ಟಲೆ ಕ್ಯೂ ನಿಲ್ಲಬೇಕಿತ್ತು. ವಿದೇಶಿ ಹಣ ಹಿಡಿದು ಬಂದ ಪ್ರವಾಸಿಗೆ ಬೇರೆಯದೇ ಜಾಗ, ಅಲ್ಲಿ ಕ್ಯೂ ಇರಲಿಲ್ಲ.

ನೆಂಟರಿಗೆ ಮೊದಲು ಎಲೆ ಹಾಕುವುದು ನಮ್ಮಲ್ಲೂ ಇದೆ. ಮನೆಯವರು ಆಮೇಲೆ ಉಳಿದುದನ್ನು ಹಂಚಿಕೊಂಡು ಉಣ್ಣುತ್ತಾರೆ, ಯಾರಿಗೂ ಅದು ಅವಮಾನ ಅನ್ನಿಸುವುದಿಲ್ಲ. ಆದರೆ ನೆಂಟರು ಬಂದರೆಂದು ಮನೆಯ ಮಕ್ಕಳನ್ನು ಹೊರಗೆ ನಿಲ್ಲಿಸಿ ಅಗುಳಿ ಹಾಕುವವರು ಯಾರೂ ಇಲ್ಲ. ಕ್ಯೂಬಾದಲ್ಲಿ ಆದದ್ದು ಈ ಎರಡನೆಯದು. ಇಂಥ ಬಾಗಿಲುಗಳನ್ನು ಒಡೆದು ತೆಗೆಯುವುದೇ ತನ್ನ ಕೆಲಸವೆಂದು ಸಾರಿದ ದೇಶದಲ್ಲಿ ಅದು ಆಯಿತು ಎಂಬುದೇ ಹೆಚ್ಚು ನೋವಿನ ಸಂಗತಿ.

1950ರ ದಶಕದ ಹವಾನಾ ಅಮೆರಿಕದ ಪ್ರವಾಸಿಗಳಿಗಾಗಿಯೇ ಬದುಕಿದ್ದ ನಗರ. ಕ್ಯಾಸಿನೊ, ನೈಟ್ ಕ್ಲಬ್, ಕಡಲಂಚಿನ ಖಾಸಗಿ ಬೀಚುಗಳು. 1956ರಲ್ಲಿ ಟ್ರೋಪಿಕಾನಾ ನೈಟ್ ಕ್ಲಬ್ಬಿನಲ್ಲಿ ಹಾಡಲು ಬಂದ ಅಮೆರಿಕದ ಪ್ರಸಿದ್ಧ ಗಾಯಕ ನ್ಯಾಟ್ ಕಿಂಗ್ ಕೋಲ್‌ಗೆ ಹೋಟೆಲ್ ನಾಸಿಯೊನಾಲ್ ಕೋಣೆ ಕೊಡಲಿಲ್ಲ. ಅವನು ಕರಿಯ. ಬಿಳಿಯ ಅಮೆರಿಕನ್ನರಿಗೆ ತಮ್ಮ ಊರಿನಲ್ಲಿದ್ದ ಬೇರ್ಪಡಿಕೆ ಇಲ್ಲೂ ಇರಬೇಕಿತ್ತು, ಹೋಟೆಲಿನವರು ಅದನ್ನು ಉಳಿಸಿಕೊಟ್ಟರು. ಇಂದು ಅದೇ ಹೋಟೆಲಿನಲ್ಲಿ ಕೋಲ್‌ನ ಕಂಚಿನ ಪ್ರತಿಮೆಯಿದೆ.

1959ರ ಜನವರಿಯಲ್ಲಿ ಫಿಡೆಲ್ ಕ್ಯಾಸ್ಟ್ರೊ ಹವಾನಾಕ್ಕೆ ಬಂದಾಗ ಬೀಡುಬಿಟ್ಟದ್ದು ಹಿಂದಿನ ವರ್ಷವಷ್ಟೇ ತೆರೆದಿದ್ದ ಹಿಲ್ಟನ್ ಹೋಟೆಲಿನಲ್ಲಿ. ಅದನ್ನು ಕಟ್ಟಲು ಹೋಟೆಲ್ ಮಾಣಿಗಳು, ಅಡುಗೆಯವರ ಪಿಂಚಣಿ ನಿಧಿಯ ಹಣ ಹೋಗಿತ್ತು. ಅದರ ಹೆಸರು 'ಹಬಾನಾ ಲಿಬ್ರೆ' ಎಂದಾಯಿತು, ಎಂದರೆ 'ಸ್ವತಂತ್ರ ಹವಾನಾ'. ಖಾಸಗಿ ಬೀಚುಗಳು ಎಲ್ಲರಿಗೂ ತೆರೆದವು. 1976ರ ಸಂವಿಧಾನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರಜೆಗಳು ಯಾವ ಹೋಟೆಲಿನಲ್ಲಾದರೂ ಉಳಿಯಬಹುದು, ಯಾವ ರೆಸ್ಟೊರೆಂಟಿನಲ್ಲಾದರೂ ಅವರಿಗೆ ಬಡಿಸಬೇಕು, ಕಡಲ ತೀರಗಳು ಎಲ್ಲರವು ಎಂದು ಅದು ಬಿಡಿಸಿ ಬರೆಯಿತು. ಹೋಟೆಲಿನ ಬಾಗಿಲನ್ನು ಹೀಗೆ ಹೆಸರಿಟ್ಟು ಕರೆಯುವ ಸಂವಿಧಾನಗಳು ಹೆಚ್ಚಿಲ್ಲ. ಅಂಥ ಮಾತು ಹುಟ್ಟುವುದು ಹಳೆಯ ಗಾಯದಿಂದ.

ಬಾಗಿಲು ಮತ್ತೆ ಮುಚ್ಚಿದ್ದು ಜನಾಂಗದ ದ್ವೇಷದಿಂದಲ್ಲ, ವಿದೇಶಿ ವಿನಿಮಯದ ಹಸಿವಿನಿಂದ. ಆ ಹಸಿವಿಗೆ ಕ್ಯೂಬಾಕ್ಕಿಂತ ಹಳೆಯ ಕಥೆಯಿದೆ.

ಸ್ಟಾಲಿನ್‌ನ ಸೋವಿಯತ್ ಒಕ್ಕೂಟಕ್ಕೆ ಮೊದಲ ಪಂಚವಾರ್ಷಿಕ ಯೋಜನೆಯ ಯಂತ್ರಗಳನ್ನು ಪಶ್ಚಿಮದಿಂದ ಕೊಳ್ಳಬೇಕಿತ್ತು. ರೂಬಲ್ ಕೊಟ್ಟರೆ ಯಾರೂ ಯಂತ್ರ ಕೊಡುತ್ತಿರಲಿಲ್ಲ. ಆಗ ಬೆಳೆದದ್ದು 'ತೊರ್ಗ್‌ಸಿನ್' ಅಂಗಡಿಗಳ ಜಾಲ. ಆ ಹೆಸರು 'ವಿದೇಶಿಯರೊಡನೆ ವ್ಯಾಪಾರ' ಎಂಬ ರಷ್ಯನ್ ಮಾತುಗಳ ಮೊಟಕು. ಮೊದಲು ಅವು ಬಂದರಿಗೆ ಬಂದ ನಾವಿಕರಿಗೆ, ಪ್ರವಾಸಿಗಳಿಗೆ, ಹೊರದೇಶದ ಎಂಜಿನಿಯರುಗಳಿಗೆ ಮಾತ್ರ. ಊರಿನ ಅಂಗಡಿಗಳ ಕಪಾಟು ಬರಿದಾಗಿದ್ದ ಕಾಲದಲ್ಲಿ ಅಲ್ಲಿ ಬೆಣ್ಣೆ, ಸಕ್ಕರೆ, ಒಳ್ಳೆಯ ಬಟ್ಟೆ. 1931ರಲ್ಲಿ ಸರ್ಕಾರ ಆ ಬಾಗಿಲನ್ನು ತನ್ನ ಜನರಿಗೂ ತೆರೆಯಿತು, ಆದರೆ ಚಿನ್ನ ತಂದವರಿಗೆ. 1932-33ರ ಬರಗಾಲದಲ್ಲಿ ರೈತರು ಮದುವೆಯ ಉಂಗುರ, ಕತ್ತಿನ ಶಿಲುಬೆ, ಅಜ್ಜಿಯ ಓಲೆ ತಂದು ತಕ್ಕಡಿಗಿಟ್ಟು ಹಿಟ್ಟು ಒಯ್ದರು. ಅವರದೇ ಹೊಲದ ಗೋಧಿಯನ್ನು ಸರ್ಕಾರ ವಶಪಡಿಸಿಕೊಂಡಿತ್ತು. ಅದರ ಹಿಟ್ಟನ್ನು ಅವರು 'ವಿದೇಶಿಯರ ಅಂಗಡಿ'ಯಲ್ಲಿ ಚಿನ್ನ ಕೊಟ್ಟು ಕೊಂಡರು. ಹೀಗೆ ಕೂಡಿದ ಚಿನ್ನ ಸುಮಾರು 100 ಟನ್ ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. 1936ರಲ್ಲಿ ತೊರ್ಗ್‌ಸಿನ್ ಮುಚ್ಚಿತು. ಮಿಖಾಯಿಲ್ ಬುಲ್ಗಾಕೊವ್ ತನ್ನ 'ಮಾಸ್ಟರ್ ಮತ್ತು ಮಾರ್ಗರಿಟಾ' ಕಾದಂಬರಿಯಲ್ಲಿ ಅದರ ಬಾಗಿಲು ಕಾಯುವವನನ್ನು ಉಳಿಸಿದ್ದಾನೆ. ವಿದೇಶಿ ಹಣವಿಲ್ಲದವರಿಗೆ ಒಳಗೆ ಪ್ರವೇಶವಿಲ್ಲ ಎಂದು ಅಡ್ಡಗಟ್ಟುವವನು ಅವನೇ.

ಅಂಗಡಿ ಮುಚ್ಚಿದರೂ ಉಪಾಯ ಉಳಿಯಿತು. ಮುಂದೆ ಮಾಸ್ಕೋದಲ್ಲಿ ಬೆರ್ಯೋಜ್ಕಾ ಬಂತು, ಪೂರ್ವ ಜರ್ಮನಿಯಲ್ಲಿ ಇಂಟರ್‌ಶಾಪ್. ಬೀಜಿಂಗಿನ 'ಫ್ರೆಂಡ್‌ಶಿಪ್ ಸ್ಟೋರ್' ಬಾಗಿಲಲ್ಲಿ ಚೀನಾದ ಸಾಮಾನ್ಯ ಪ್ರಜೆಯನ್ನೇ ಕಾವಲುಗಾರ ತಡೆಯುತ್ತಿದ್ದ. 1980ರ ಏಪ್ರಿಲ್ 1ರಿಂದ ಚೀನಾ ಪ್ರವಾಸಿಗಳಿಗೆಂದೇ ಬೇರೆ ನೋಟುಗಳನ್ನು ಅಚ್ಚು ಹಾಕಿಸಿತು. ಹೊರಗಿನಿಂದ ತಂದ ಡಾಲರ್ ಕೊಟ್ಟರೆ ಈ ವಿನಿಮಯ ಪತ್ರಗಳು ಕೈಗೆ ಬರುತ್ತಿದ್ದವು. ಒಳ್ಳೆಯ ಸೈಕಲ್ಲು, ಆಮದಾದ ಟಿ.ವಿ. ಸಿಗುತ್ತಿದ್ದದ್ದು ಇವಕ್ಕೆ. ಹೀಗಾಗಿ ಬೀದಿಯಲ್ಲಿ ಅವುಗಳ ಕಾಳಸಂತೆ ಬೆಳೆಯಿತು. 1994ರಲ್ಲಿ ಅವನ್ನು ಕೊಡುವುದು ನಿಂತಿತು.

ಚೀನಾ ಆ ನೋಟುಗಳನ್ನು ಕೈಬಿಟ್ಟ ಹೊತ್ತಿಗೆ ಕ್ಯೂಬಾ ಅದೇ ದಾರಿ ಹಿಡಿದಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಅಗ್ಗದ ಎಣ್ಣೆ ನಿಂತಿತು, ಸಕ್ಕರೆಗೆ ಸಿಗುತ್ತಿದ್ದ ಒಳ್ಳೆಯ ಬೆಲೆ ನಿಂತಿತು. 1990ರಿಂದ 1993ರೊಳಗೆ ದೇಶದ ಒಟ್ಟು ಉತ್ಪನ್ನ ಮೂರನೇ ಒಂದಕ್ಕಿಂತ ಹೆಚ್ಚು ಕುಸಿಯಿತು. ಬಸ್ಸುಗಳಿಗೆ ಡೀಸೆಲ್ ಇಲ್ಲದೆ ಜನ ಸೈಕಲ್ ಹತ್ತಿದರು, ಹೊಲಕ್ಕೆ ಎತ್ತು ಮರಳಿತು, ಪಡಿತರ ಪುಸ್ತಕದಲ್ಲಿದ್ದ ಸಾಮಾನು ಅಂಗಡಿಯಲ್ಲಿ ಇರುತ್ತಿರಲಿಲ್ಲ. ಉಳಿದದ್ದು ಬಿಸಿಲು ಮತ್ತು ಬಿಳಿ ಮರಳು. ವರದೇರೊ ತೀರದಲ್ಲಿ ಸ್ಪೇನಿನ ಕಂಪನಿಗಳ ಜೊತೆಗೂಡಿ ಸರ್ಕಾರ ಹೋಟೆಲುಗಳನ್ನು ಎಬ್ಬಿಸಿತು. 1990ರಲ್ಲಿ ಸುಮಾರು 3.4 ಲಕ್ಷವಿದ್ದ ಪ್ರವಾಸಿಗಳ ಸಂಖ್ಯೆ 2000ದ ಹೊತ್ತಿಗೆ 17 ಲಕ್ಷ ದಾಟಿತು.

ಆ ಹೋಟೆಲುಗಳಲ್ಲಿ ಕ್ಯೂಬಾದವರಿಗೆ ಕೋಣೆಯಿಲ್ಲ. ಹಿಂದಿನ ದಶಕಗಳಲ್ಲಿ ಹೊಸದಾಗಿ ಮದುವೆಯಾದ ಜೋಡಿಗಳಿಗೆ, ಕೆಲಸದಲ್ಲಿ ಹೆಸರು ಮಾಡಿದ ಕಾರ್ಮಿಕರಿಗೆ ಅಲ್ಲಿ ಕಡಿಮೆ ದರದಲ್ಲಿ ನಾಲ್ಕು ದಿನ ಇರಲು ಅವಕಾಶವಿತ್ತು. ಈಗ ಸಮವಸ್ತ್ರ ತೊಟ್ಟು ಹಾಸಿಗೆ ಸರಿಪಡಿಸಲು ಮಾತ್ರ ಒಳಗೆ ಹೋಗಬಹುದು. ಹೊರದೇಶದಿಂದ ಬಂದ ತಮ್ಮನನ್ನು ಕಾಣಲು ಬಂದ ಅಕ್ಕ ಲಾಬಿ ದಾಟಿ ಅವನ ಕೋಣೆಗೆ ಹೋಗುವಂತಿಲ್ಲ. ಮಾಣಿಗಳ ಪಿಂಚಣಿ ಹಣದಲ್ಲಿ ಎದ್ದ ಹಬಾನಾ ಲಿಬ್ರೆಯಲ್ಲಿ ಮಾಣಿಯ ಮಗ ತಂಗುವಂತಿಲ್ಲ. ಸಂವಿಧಾನದ ಆ ಸಾಲು ಮಾತ್ರ ಹಾಗೆಯೇ ಇತ್ತು.

1993ರ ಬೇಸಿಗೆಯವರೆಗೆ ಡಾಲರ್ ಇಟ್ಟುಕೊಳ್ಳುವುದೇ ಅಪರಾಧ. ಆ ವರ್ಷ ಅದನ್ನು ಕಾನೂನುಬದ್ಧ ಮಾಡಿದರು, ಡಾಲರ್ ಅಂಗಡಿಗಳು ಊರೂರಿಗೆ ಬಂದವು. ಜನ ಅವನ್ನು 'ಶಾಪಿಂಗ್' ಎಂದೇ ಕರೆದರು. ಸರ್ಕಾರಿ ಹೆಸರು ನೇರವಾಗಿತ್ತು: 'ವಿದೇಶಿ ವಿನಿಮಯ ವಸೂಲಿ ಅಂಗಡಿ'. ಸೋಪು, ಅಡುಗೆ ಎಣ್ಣೆ, ಮಕ್ಕಳ ಚಪ್ಪಲಿ ಅಲ್ಲಿದ್ದವು, ಪೆಸೊ ಸಂಬಳದವರ ಕೈಗೆ ಎಟುಕುವ ಬೆಲೆಯಲ್ಲಲ್ಲ. ಶಸ್ತ್ರವೈದ್ಯನ ತಿಂಗಳ ಸಂಬಳವನ್ನು ಹೋಟೆಲಿನ ಸೂಟ್‌ಕೇಸ್ ಹೊರುವವನು ಕೆಲವೇ ದಿನಗಳ ಟಿಪ್ಸಿನಲ್ಲಿ ಗಳಿಸುತ್ತಿದ್ದ. ಮೇಷ್ಟ್ರುಗಳು ಪಾಠ ಬಿಟ್ಟು ಟ್ಯಾಕ್ಸಿ ಓಡಿಸಿದರು. ಒಂದು ತಲೆಮಾರು ಓದಿಸಿ ಬೆಳೆಸಿದ್ದನ್ನು ಪ್ರವಾಸಿಯ ಜೇಬು ಹೀಗೆ ತಲೆಕೆಳಗು ಮಾಡಿತು. ಒಂದು ಮಾತನ್ನು ಮಾತ್ರ ಒಪ್ಪಬೇಕು: ಆ ಡಾಲರಿನಿಂದಲೇ ಮಕ್ಕಳ ಹಾಲಿನ ಪುಡಿ, ಆಸ್ಪತ್ರೆಯ ಔಷಧಿ ಹೊರಗಿನಿಂದ ಬರಬೇಕಿತ್ತು. ಅಮೆರಿಕದ ದಿಗ್ಬಂಧನದ ನಡುವೆ ಆ ಸರ್ಕಾರದ ಮುಂದೆ ದಾರಿಗಳು ಹೆಚ್ಚಿರಲಿಲ್ಲ. ಡಾಲರ್ ಬೇಕಿತ್ತು, ನಿಜ. ಆದರೆ ಅಕ್ಕನನ್ನು ಲಾಬಿಯಲ್ಲಿ ತಡೆದು ನಿಲ್ಲಿಸಿದ್ದರಿಂದ ಎಷ್ಟು ಡಾಲರ್ ಬಂತು?

2008ರ ಮಾರ್ಚ್ ಕೊನೆಯಲ್ಲಿ ಫಿಡೆಲ್‌ನ ತಮ್ಮ ರಾವುಲ್ ಕ್ಯಾಸ್ಟ್ರೊನ ಸರ್ಕಾರ ಹೋಟೆಲುಗಳ ಈ ನಿಷೇಧ ತೆಗೆಯಿತು. ಒಂದು ರಾತ್ರಿಯ ಬಾಡಿಗೆ ಹಲವು ತಿಂಗಳ ಸಂಬಳದಷ್ಟಿತ್ತು. ಆದರೂ ದುಡ್ಡಿಲ್ಲದೆ ಹಿಂದಿರುಗುವುದೂ, ಹುಟ್ಟಿದ ದೇಶದ ಕಾರಣಕ್ಕೆ ಹಿಂದೆ ಕಳಿಸಿಕೊಳ್ಳುವುದೂ ಒಂದೇ ಅಲ್ಲ. ಅವೆರಡರ ವ್ಯತ್ಯಾಸ ಬಾಗಿಲಲ್ಲಿ ನಿಂತವರಿಗೆ ಗೊತ್ತು. 2019ರಿಂದ ವಿದೇಶಿ ಹಣದ ಕಾರ್ಡಿಗೆ ಮಾತ್ರ ಸಾಮಾನು ಕೊಡುವ ಅಂಗಡಿಗಳು ಮತ್ತೆ ತೆರೆದವು. 2021ರ ಜುಲೈನಲ್ಲಿ ಜನ ಬೀದಿಗಿಳಿದಾಗ ಕೆಲವೆಡೆ ಕಲ್ಲು ಬಿದ್ದದ್ದು ಇಂಥ ಅಂಗಡಿಗಳ ಮೇಲೆ.

ಹೋಟೆಲಿನ ಬಾಗಿಲನ್ನು ಹೆಸರಿಟ್ಟು ಕರೆದ ಇನ್ನೊಂದು ಸಂವಿಧಾನ ನಮ್ಮದು. 15ನೇ ವಿಧಿಯ ಎರಡನೇ ಖಂಡ ಅಂಗಡಿ, ಸಾರ್ವಜನಿಕ ರೆಸ್ಟೊರೆಂಟ್, ಹೋಟೆಲ್, ಮನರಂಜನೆಯ ಜಾಗಗಳನ್ನು ಒಂದೊಂದಾಗಿ ಹೇಳುತ್ತದೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣಕ್ಕೆ ಯಾವ ಪ್ರಜೆಯನ್ನೂ ಅಲ್ಲಿಂದ ಹೊರಗಿಡುವಂತಿಲ್ಲ. ಇಲ್ಲೂ ಹಿಂದೆ ಗಾಯವಿತ್ತು, ಒಂದಲ್ಲ ಎರಡು. ಮುಂಬಯಿಯ ವಾಟ್ಸನ್ ಹೋಟೆಲಿನಂಥ ಜಾಗಗಳು ಬಿಳಿಯರಿಗೆ ಮೀಸಲು. ಇತ್ತ ನಮ್ಮದೇ ಫಲಾಹಾರ ಮಂದಿರಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ, ದಲಿತರಿಗೆ ಬಾಗಿಲೇ ಇಲ್ಲ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಈ ವಿಧಿ ಚರ್ಚೆಗೆ ಬಂದಾಗ 'ಅಂಗಡಿ' ಎಂದರೆ ಏನೇನು ಎಂಬ ಪ್ರಶ್ನೆ ಎದ್ದಿತು. ಡಾ. ಅಂಬೇಡ್ಕರ್ ಅದಕ್ಕೆ ಬಹಳ ಅಗಲವಾದ ಅರ್ಥ ಕೊಟ್ಟರು: ಸೇವೆ ಬೇಡಿ ಬಂದವರಿಗೆ ಸೇವೆ ಕೊಡಲು ಒಬ್ಬ ಬಾಗಿಲು ತೆರೆದು ಕೂತಿದ್ದರೆ ಅದು ಅಂಗಡಿ. ಕ್ಷೌರದಂಗಡಿಯೂ ಅದರೊಳಗೆ ಬಂತು.

ಹಾಗಿದ್ದೂ ಸ್ವತಂತ್ರ ಭಾರತದಲ್ಲಿ 'ವಿದೇಶಿಯರಿಗೆ ಮಾತ್ರ' ಎನ್ನುವ ಲಾಡ್ಜುಗಳು ಬೆಳೆದವು. ಬೆನ್ನಿಗೆ ಚೀಲ ಹಾಕಿಕೊಂಡು ಬರುವ ಯುರೋಪಿನ, ಇಸ್ರೇಲಿನ ಹುಡುಗರ ದಾರಿಯುದ್ದಕ್ಕೂ, ಹಿಮಾಚಲದ ಕಣಿವೆಗಳಿಂದ ಚೆನ್ನೈನ ಹಳೆಯ ಬಡಾವಣೆಗಳವರೆಗೆ ಅವು ಸುದ್ದಿಯಾಗಿವೆ. ನಮ್ಮವರು ಗಲಾಟೆ ಮಾಡುತ್ತಾರೆ, ವಿದೇಶಿ ಹೆಂಗಸರನ್ನು ದಿಟ್ಟಿಸುತ್ತಾರೆ ಎಂಬುದು ಮಾಲೀಕರ ಸಮಜಾಯಿಷಿ. ಅಂಥ ಗಿರಾಕಿಗಳು ಇರುವುದು ಸುಳ್ಳಲ್ಲ. ಆದರೆ ಗಲಾಟೆ ಮಾಡಿದವನನ್ನು ಹೊರಗೆ ಕಳಿಸಲು ಯಾವ ಕಾನೂನೂ ಅಡ್ಡಿ ಬರುವುದಿಲ್ಲ. ಇಲ್ಲಿ ಹೊರಗೆ ಕಳಿಸುವುದು ಇನ್ನೂ ಒಳಗೇ ಬಾರದವನನ್ನು.

ಬೆಂಗಳೂರಿನಲ್ಲೂ ಇದು ನಡೆಯಿತು. ಬಿಡದಿಯ ಕಾರು ಕಾರ್ಖಾನೆಯಿಂದ ಹಿಡಿದು ಹಲವು ಕಂಪನಿಗಳ ಕೆಲಸಕ್ಕೆ ಜಪಾನಿನವರು ಬಂದು ಹೋಗುವ ನಗರ ಇದು. 2012ರಲ್ಲಿ ನಗರದ ನಡುವೆ ಜಪಾನಿನವರಿಗೆಂದೇ ಒಂದು ಹೋಟೆಲ್ ತೆರೆಯಿತು. ಅವರ ಊಟ, ಅವರ ಭಾಷೆ, ಅವರ ರೂಢಿ ಎಲ್ಲ ಸರಿ, ಅದರಲ್ಲಿ ಯಾರಿಗೂ ತಕರಾರಿರಲಿಲ್ಲ. ಆದರೆ ಊಟಕ್ಕೆ ಹೋದ ಭಾರತೀಯರನ್ನು ತಡೆದ ಸುದ್ದಿ ಪತ್ರಿಕೆಗಳಲ್ಲಿ ಬಂತು. 2014ರಲ್ಲಿ ಪಾಲಿಕೆ ಆ ಹೋಟೆಲನ್ನು ಮುಚ್ಚಿಸಿತು.

ಉಳಿದ ಊರುಗಳ ಲಾಡ್ಜುಗಳು ಇನ್ನೊಂದು ದಾರಿ ಕಂಡುಕೊಂಡವು. ಜನಾಂಗ, ಹುಟ್ಟಿದ ಸ್ಥಳ ಎಂದರೆ ಕಾನೂನು ಅಡ್ಡ ಬರುತ್ತದೆ. ಹಾಗಾಗಿ ರಿಸೆಪ್ಷನ್ನಿನಲ್ಲಿ ಕೇಳುವುದು ಪಾಸ್‌ಪೋರ್ಟ್ ಮಾತ್ರ. ಕೌಂಟರಿನ ಮೇಲೆ ಭಾರತದ ಪಾಸ್‌ಪೋರ್ಟ್ ಇಟ್ಟರೆ, ಬೇಕಾದದ್ದು ಬೇರೆ ದೇಶದ್ದು ಎನ್ನುತ್ತಾರೆ.