ಯುದ್ಧ ಅಂತ ಕರೆಯದ ಐದು ದಿನ | ನಮ್ಮ ಭಾಗದ ಇತಿಹಾಸ, ಭಾಗ 6

ದೋಸ್ತರೇ, ಮುಡಬಿ ಕಡೆ ಹಿರಿಯರನ್ನ 1948ರಾಗ ಏನಾಯ್ತು ಅಂತ ಕೇಳಿ ನೋಡ್ರಿ. ಯುದ್ಧ ಅನ್ನಲ್ಲ, "ಪೊಲೀಸ್ ಆಕ್ಷನ್" ಅಂತಾರ. ಪುಸ್ತಕದಲ್ಲೂ ಅದೇ ಹೆಸರು.

ಆದ್ರೆ ಬಂದವರು ಪೊಲೀಸರಲ್ಲ. ಸೆಪ್ಟೆಂಬರ್ 13ಕ್ಕೆ ಸೊಲ್ಲಾಪುರ ಕಡೆಯಿಂದ ನುಗ್ಗಿದ್ದು ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಸೇನೆ, ಟ್ಯಾಂಕ್ ಸಮೇತ. ಮರುದಿನ ಉಮರ್ಗಾದಿಂದ ನಮ್ಮ ರಾಜೇಶ್ವರಕ್ಕೆ ಬರೋ ದಾರಿಯಲ್ಲಿ ಹೊಂಚು ಹಾಕಿ ಕೂತವರ ಮೇಲೆ ಟೆಂಪೆಸ್ಟ್ ಯುದ್ಧವಿಮಾನಗಳು ದಾಳಿ ಮಾಡಿದವು. ನೀವು ಹುಮನಾಬಾದಿಗೆ ಹೋಗುವಾಗ ಕಾಣೋ ಅದೇ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ! 17ರ ಬೆಳಿಗ್ಗೆ ಬೀದರ್, ಅದೇ ದಿನ ಸಂಜೆ ನಿಜಾಮನ ಕದನವಿರಾಮ. ಸೇನೆ ಇಟ್ಟ ಹೆಸರು ಆಪರೇಷನ್ ಪೋಲೋ.

ಮತ್ತೆ "ಪೊಲೀಸ್" ಯಾಕೆ? ಇಲ್ಲೇ ಇರೋದು ಮಜಾ.

1947ರ ನವೆಂಬರ್ 29ಕ್ಕೆ ಭಾರತ ಮತ್ತು ನಿಜಾಮ ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದ್ದರು. ಹೈದರಾಬಾದ್ ನೆಲದಲ್ಲಿ ಭಾರತ ಸೇನೆ ಇಡಬೇಕಂದ್ರೆ ಅದು ಯುದ್ಧಕಾಲ ಆಗಿರಬೇಕು, ನಿಜಾಮನ ಒಪ್ಪಿಗೆಯೂ ಬೇಕು ಅಂತ ಅದರಲ್ಲೇ ಬರೆದಿತ್ತು. ಒಪ್ಪಂದವನ್ನ ಮೊದಲು ಮುರಿದದ್ದು ನಿಜಾಮನೇ, ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ಕೊಟ್ಟ, ರಜಾಕಾರರನ್ನ ಬಿಟ್ಟ ಅನ್ನೋದು ದೆಹಲಿಯ ವಾದ. ಅದರಲ್ಲಿ ಸುಳ್ಳಿರಲಿಲ್ಲ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಭಾಗದ ಗೋರಟಾದಲ್ಲಿ ರಜಾಕಾರರು ಸುಮಾರು 200 ಜನರನ್ನ ಕೊಂದಿದ್ದರು.

ನಿಜಾಮ ಆಗಸ್ಟ್‌ನಲ್ಲೇ ವಿಶ್ವಸಂಸ್ಥೆಯ ಬಾಗಿಲು ತಟ್ಟಿದ್ದ. ಭದ್ರತಾ ಮಂಡಳಿ ವಿಷಯ ಕೈಗೆತ್ತಿಕೊಂಡಿದ್ದು ಸೆಪ್ಟೆಂಬರ್ 16ಕ್ಕೆ, ಅಂದ್ರೆ ಎಲ್ಲಾ ಮುಗಿಯೋ ಹಿಂದಿನ ದಿನ! ಯುದ್ಧ ಅಂದ್ರೆ ಎದುರಿಗಿರೋದು ಇನ್ನೊಂದು ದೇಶ ಅಂತ ಒಪ್ಪಿದ ಹಾಗೆ. ಪೊಲೀಸ್ ಕ್ರಮ ಅಂದ್ರೆ ಮನೆಯೊಳಗಿನ ಮಾತು, ಹೊರಗಿನವರು ಕೇಳೋ ಹಾಗಿಲ್ಲ. ರಜಾಕಾರರ ನಾಯಕ ಕಾಸಿಂ ರಜ್ವಿ ಕೂಡ ಯುದ್ಧಕೈದಿ ಆಗಲಿಲ್ಲ. ಬೀಬಿನಗರ ಡಕಾಯಿತಿ ಕೇಸಿನಲ್ಲಿ ಶಿಕ್ಷೆ ಆಯ್ತು, 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ.

ಎರಡೇ ವರ್ಷಕ್ಕೆ ಅಮೆರಿಕದ ಟ್ರೂಮನ್ ಕೊರಿಯಾ ಯುದ್ಧಕ್ಕೂ ಇದೇ "ಪೊಲೀಸ್ ಆಕ್ಷನ್" ಹೆಸರನ್ನ ಒಪ್ಪಿಕೊಂಡ. ಅಲ್ಲಿ ಯುದ್ಧ ಘೋಷಿಸೋ ಅಧಿಕಾರ ಸಂಸತ್ತಿಗೆ ಇದೆ, ಅದನ್ನ ಆತ ಕೇಳಲೇ ಇಲ್ಲ.

ನಮ್ಮಲ್ಲಿ? 1948ರಲ್ಲಿ ಸಂವಿಧಾನ ಇನ್ನೂ ಜಾರಿಯಾಗಿರಲಿಲ್ಲ. ಈಗ ಇದೆ. 53ನೇ ವಿಧಿ ಸೇನೆಯ ಪರಮಾಧಿಕಾರ ರಾಷ್ಟ್ರಪತಿಗೆ ಕೊಡುತ್ತೆ, ಅಂದ್ರೆ ನಡೆಸೋದು ಮಂತ್ರಿಮಂಡಲ. ಕೇಂದ್ರ ಪಟ್ಟಿಯ 15ನೇ ನಮೂದು "ಯುದ್ಧ ಮತ್ತು ಶಾಂತಿ". ಆದ್ರೆ ಯುದ್ಧಕ್ಕೆ ಮುಂಚೆ ಸಂಸತ್ತಿನ ಮತ ಬೇಕು ಅಂತ ಹೇಳೋ ಒಂದು ವಿಧಿಯನ್ನೂ ನೀವು ಹುಡುಕಲಾರಿರಿ. 1999ರ ಕಾರ್ಗಿಲ್ ಹೊತ್ತಿಗೆ ಲೋಕಸಭೆಯೇ ವಿಸರ್ಜನೆ ಆಗಿತ್ತು. ಪೌರನೀತಿ ಪರೀಕ್ಷೆಗೆ ಇದನ್ನ ಯಾರೂ ಕೇಳಲ್ಲ ಬಿಡ್ರಿ.

ನಾನು ಹೈದರಾಬಾದ್ ಭಾರತಕ್ಕೆ ಸೇರಬಾರದಿತ್ತು ಅಂತಿಲ್ಲ. ಸೇರದಿದ್ರೆ ನಮ್ಮ ಗತಿ ಏನಿತ್ತು ಅಂತ ಗೋರಟಾದವರನ್ನ ಕೇಳ್ರಿ. ನನ್ನ ತಕರಾರು ಹೆಸರಿನ ಮೇಲೆ. ಕಾರ್ಯಾಚರಣೆ ಮುಗಿದ ಮೇಲೆ ಸರ್ಕಾರವೇ ಪಂಡಿತ್ ಸುಂದರಲಾಲ್ ಸಮಿತಿಯನ್ನ ಕಳಿಸ್ತು. ಆ ದಿನಗಳಲ್ಲಿ ಮತ್ತು ಆಮೇಲೆ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದು ಅಂತ ಅದರ ಅಂದಾಜು. ಬಹುಪಾಲು ಮುಸ್ಲಿಮರು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗ, ನಾಂದೇಡ್ ಮತ್ತು ನಮ್ಮ ಬೀದರ್. ಆ ವರದಿ ಜನರ ಕೈಗೆ ಸಿಕ್ಕಿದ್ದು 2013ರಲ್ಲಿ. ಯುದ್ಧ ಆಗಿದ್ರೆ ಸತ್ತವರ ಲೆಕ್ಕ ಯಾರಾದ್ರೂ ಕೇಳ್ತಿದ್ರು. ಪೊಲೀಸ್ ಕ್ರಮಕ್ಕೆ ಯಾರು ಕೇಳ್ತಾರ?

ನಿಮ್ಮ ಮನೆಯ ಅಜ್ಜ, ಅಮ್ಮ, ನಾನಿ ಹತ್ರ ಆ ದಿನಗಳ ನೆನಪು ಇದ್ರೆ ಕಾಮೆಂಟ್‌ನಲ್ಲಿ ಬರೀರಿ. ಯಾವ ಧರ್ಮದವರಾದ್ರೂ ಸರಿ. ಭಾಗ 7 ಗೋರಟಾದ ಬಗ್ಗೆ.