ದಾನದ ಕಂಪ್ಯೂಟರ್ ಮತ್ತು ಬೇಡ ಅನ್ನೋ ಹಕ್ಕು

"ಬಡ ದೇಶಗಳಿಗೆ ನಮ್ಮ ಹಳೇ ಕಂಪ್ಯೂಟರ್ ದಾನ ಮಾಡ್ತೀವಿ" ಅಂತ ಯಾರಾದ್ರೂ ಹೇಳಿದಾಗ ನಾನು ಕೇಳೋದು ಒಂದೇ ಪ್ರಶ್ನೆ: ತಗೊಳ್ಳೋರಿಗೆ ಬೇಡ ಅನ್ನೋ ಹಕ್ಕು ಇದೆಯಾ?

ಈ ಪ್ರಶ್ನೆಗೆ ಒಂದು ಚರಿತ್ರೆ ಇದೆ ಗೆಳೆಯರೇ. 1988ರಲ್ಲಿ ನೈಜೀರಿಯಾದ ಕೋಕೋ ಎಂಬ ಪುಟ್ಟ ಬಂದರಿನಲ್ಲಿ ಇಟಲಿಯಿಂದ ಬಂದ ಸಾವಿರಾರು ಡ್ರಮ್ ವಿಷತ್ಯಾಜ್ಯ ಪತ್ತೆಯಾಯಿತು. ಊರಿನವನೊಬ್ಬನ ಜಾಗವನ್ನು ಪುಡಿಗಾಸಿಗೆ ಬಾಡಿಗೆ ಹಿಡಿದು ಅಲ್ಲಿ ಪೇರಿಸಿಟ್ಟಿದ್ದರು. ಇಂಥ ಪ್ರಕರಣಗಳಿಗೆ ಎದ್ದ ಆಕ್ರೋಶದಿಂದಲೇ 1989ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಒಪ್ಪಂದವಾಯಿತು. ಅಪಾಯಕಾರಿ ಕಸ ಕಳಿಸುವ ಮೊದಲು ಪಡೆಯುವ ದೇಶದ ಲಿಖಿತ ಒಪ್ಪಿಗೆ ಬೇಕು ಅನ್ನೋದು ಅದರ ತಿರುಳು. ಅಮೆರಿಕ ಸಹಿ ಹಾಕಿತು, ಅನುಮೋದನೆ ಮಾತ್ರ ಇವತ್ತಿಗೂ ಕೊಟ್ಟಿಲ್ಲ.

ಆಮೇಲೆ ಕಸದ ಹೆಸರು ಬದಲಾಯ್ತು: 'ಸೆಕೆಂಡ್ ಹ್ಯಾಂಡ್ ಸರಕು', 'ದೇಣಿಗೆ'. 2005ರಲ್ಲಿ ಬಾಸೆಲ್ ಆಕ್ಷನ್ ನೆಟ್‌ವರ್ಕ್ ಸಂಸ್ಥೆ ಲಾಗೋಸ್‌ಗೆ ಹೋಗಿ ನೋಡಿದಾಗ ತಿಂಗಳಿಗೆ ಸುಮಾರು 500 ಕಂಟೇನರ್ ಬಂದಿಳಿಯುತ್ತಿದ್ದವು. ಅದರಲ್ಲಿ ಶೇ. 75ರವರೆಗೂ ಗುಜರಿ ಅಂತ ಅಲ್ಲಿನ ವ್ಯಾಪಾರಿಗಳೇ ದೂರಿದರು. ಉಳಿದದ್ದನ್ನು ಇಕೇಜಾದ 'ಕಂಪ್ಯೂಟರ್ ವಿಲೇಜ್' ರಿಪೇರಿಗಾರರು ಬಿಚ್ಚಿ, ಬೆಸೆದು, ಜೀವ ಕೊಟ್ಟು ಮಾರ್ತಿದ್ರು. ಆ ಕಸುಬಿನ ಬಗ್ಗೆ ನನಗೆ ಗೌರವ ಇದೆ. ನನ್ನ ತಕರಾರು ಇರೋದು ಪರೀಕ್ಷೆ ಮಾಡದೆ ತುಂಬಿ ಕಳಿಸೋರ ಮೇಲೆ.

ಕೆಟ್ಟದ್ದೆಲ್ಲ ತಿಪ್ಪೆಗೆ ಹೋಯ್ತು. ಹಳೇ ಮಾನಿಟರಿನ ಗಾಜಿನಲ್ಲಿ ಸೀಸ ಇರುತ್ತೆ. ತಾಮ್ರಕ್ಕಾಗಿ ವೈರ್ ಸುಟ್ಟರೆ ಡಯಾಕ್ಸಿನ್ ಬರುತ್ತೆ. ಘಾನಾದ ಅಕ್ರಾ ನಗರದ ಅಗ್ಬೊಗ್ಬ್ಲೊಶಿಯಲ್ಲಿ ಆ ಹೊಗೆ ಕುಡಿದವರಲ್ಲಿ ಹೆಚ್ಚಿನವರು ದೇಶದ ಬಡ ಉತ್ತರ ಭಾಗದಿಂದ ಹೊಟ್ಟೆಪಾಡಿಗೆ ಬಂದ ಹುಡುಗರು. 2021ರಲ್ಲಿ ಸರ್ಕಾರ ಆ ಗುಜರಿ ಅಡ್ಡೆಯನ್ನು ನೆಲಸಮ ಮಾಡಿದಾಗ ಬೀದಿಗೆ ಬಿದ್ದವರೂ ಅವರೇ.

ನಮಗೆ ಇದು ಹೊಸದಾ? ಉಳಿದ ಅನ್ನ, ಉಟ್ಟು ಬಿಟ್ಟ ಬಟ್ಟೆ ಶೂದ್ರನ ಪಾಲು ಅಂತ ಮನುಸ್ಮೃತಿ ಬರೆದಿಟ್ಟಿತ್ತು. 1927ರ ಮಾರ್ಚ್‌ನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಎಂಜಲು ಬಿಡಿ ಅಂದರು. ಅದೇ ವರ್ಷ ಡಿಸೆಂಬರ್ 25ರಂದು ಅಲ್ಲೇ ಮನುಸ್ಮೃತಿಯನ್ನು ಸುಟ್ಟರು. ಬಿಸಾಕಿದ್ದನ್ನು ಬೇಡ ಅನ್ನೋದು ನಮ್ಮ ಹಕ್ಕು ಅಂತ ನಾವು ಕಲಿತದ್ದು ಅಲ್ಲಿ. ಬಾಸೆಲ್‌ನ ಒಪ್ಪಿಗೆಯ ನಿಯಮವನ್ನೂ ನಾನು ಅದೇ ಕಣ್ಣಿಂದ ಓದ್ತೀನಿ.

2025ರ ಜನವರಿ 1ರಿಂದ ಎಲ್ಲ ಬಗೆಯ ಇ-ತ್ಯಾಜ್ಯಕ್ಕೂ ಆ ಒಪ್ಪಿಗೆ ಕಡ್ಡಾಯ. ಆದರೆ ಕಳಿಸೋನು ಅದನ್ನು 'ತ್ಯಾಜ್ಯ' ಅಂತ ಒಪ್ಪಿಕೊಳ್ಳಬೇಕಲ್ಲ! 'ದಾನ' ಅಂತ ಚೀಟಿ ಅಂಟಿಸಿದರೆ ಮತ್ತೆ ನುಸುಳೋಕೆ ದಾರಿ.

ಹಾಗಾಗಿ ನಮ್ಮ ಹಾಸ್ಟೆಲ್ಲಿಗೆ, ಕೇರಿಯ ಗ್ರಂಥಾಲಯಕ್ಕೆ ಯಾರಾದ್ರೂ ಹಳೇ ಕಂಪ್ಯೂಟರ್ ತಂದರೆ, ಹಾರ ಹಾಕೋ ಮುಂಚೆ ಆನ್ ಮಾಡಿಸಿ ನೋಡಿ. ಕೆಟ್ಟರೆ ವಾಪಸ್ ಒಯ್ತೀವಿ ಅಂತ ಬರೆಸಿಕೊಳ್ಳಿ. ಬರೆದುಕೊಡೋಕೆ ಹಿಂದೇಟು ಹಾಕಿದರೆ, ಗಾಡಿ ತಿರುಗಿಸಿ ಅನ್ನಿ.

ಜೈ ಭೀಮ್.