ರೌಡಿಶೀಟು ಮತ್ತು ರಾಷ್ಟ್ರಪತಿ ಚುನಾವಣೆಗೆ ನಿಂತ ನ್ಯಾಯಮೂರ್ತಿ

ಗಣೇಶನ ಹಬ್ಬವೋ ಚುನಾವಣೆಯೋ ಹತ್ತಿರ ಬಂತೆಂದರೆ ನಮ್ಮ ಕಡೆ ರೌಡಿಶೀಟರ್‌ಗಳ ಪರೇಡ್ ನಡೆಯುತ್ತದೆ. ನಾವು ಹೋಗುತ್ತೇವೆ, ಫೋಟೊ ತೆಗೆದು ಎರಡು ಕಾಲಂ ಸುದ್ದಿ ಕಳಿಸುತ್ತೇವೆ. ಸಾಲಿನಲ್ಲಿ ನಿಂತವರ ಮೇಲೆ ಈಗ ಕೇಸು ಇದೆಯೇ ಎಂದು ನಾವಂತೂ ಕೇಳಿಲ್ಲ. ಅದನ್ನು ಕೇಳಿದವರೊಬ್ಬರು ಮುಂದೆ ರಾಷ್ಟ್ರಪತಿ ಚುನಾವಣೆಗೂ ನಿಂತರು.

ಉತ್ತರ ಪ್ರದೇಶದ ಖರಕ್ ಸಿಂಗ್ ಅವರನ್ನು 1941ರಲ್ಲಿ ಡಕಾಯಿತಿ ಕೇಸಿನಲ್ಲಿ ಹಿಡಿದು, ಸಾಕ್ಷ್ಯವಿಲ್ಲವೆಂದು ಬಿಟ್ಟರು. ಆದರೂ ಅವರ ಹೆಸರಿನಲ್ಲಿ ಹಿಸ್ಟರಿ ಶೀಟ್ ತೆರೆಯಿತು. ಪೊಲೀಸರು ರಾತ್ರಿ ಬಂದು ಬಾಗಿಲು ಬಡಿಯುತ್ತಿದ್ದರು, ಹೋದಲ್ಲಿ ಬಂದಲ್ಲಿ ನಿಗಾ ಇಡುತ್ತಿದ್ದರು. 1962ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಬಹುಮತ, ರಾತ್ರಿ ಮನೆಗೆ ನುಗ್ಗುವುದು ಮಾತ್ರ ತಪ್ಪು, ಉಳಿದ ನಿಗಾ ಇರಲಿ ಎಂದಿತು. ನ್ಯಾಯಮೂರ್ತಿ ಕೆ. ಸುಬ್ಬರಾವ್ ಒಪ್ಪಲಿಲ್ಲ. ಬೆನ್ನ ಹಿಂದೆ ಸದಾ ಸರ್ಕಾರದ ಕಣ್ಣಿದ್ದರೆ ಓಡಾಡುವ ಹಕ್ಕಿಗೆ ಅರ್ಥವೇನು ಎಂಬುದು ಅವರ ಭಿನ್ನ ತೀರ್ಪಿನ ತಿರುಳು. ನ್ಯಾಯಮೂರ್ತಿ ಷಾ ಒಬ್ಬರೇ ಅವರ ಜೊತೆಗಿದ್ದರು.

1966ರಲ್ಲಿ ಸುಬ್ಬರಾವ್ ಮುಖ್ಯ ನ್ಯಾಯಮೂರ್ತಿಯಾದರು. 1967ರ ಫೆಬ್ರವರಿ 27ರಂದು ಗೋಲಕನಾಥ್ ಪ್ರಕರಣದಲ್ಲಿ, ಸಂವಿಧಾನಕ್ಕೆ ತಿದ್ದುಪಡಿ ತಂದೂ ಸಂಸತ್ತು ಮೂಲಭೂತ ಹಕ್ಕುಗಳನ್ನು ಕಿತ್ತುಕೊಳ್ಳುವಂತಿಲ್ಲ ಎಂದು 6–5ರ ತೀರ್ಪು ಬಂತು. ಏಪ್ರಿಲ್ 10ರಂದು ಇನ್ನೊಂದು: ಸರ್ಕಾರ ಮನಸ್ಸಿಗೆ ಬಂದಂತೆ ಪಾಸ್‌ಪೋರ್ಟ್ ನಿರಾಕರಿಸುವಂತಿಲ್ಲ. ಮರುದಿನವೇ ರಾಜೀನಾಮೆ! ನಿವೃತ್ತಿಗೆ ಮೂರು ತಿಂಗಳಿತ್ತು. ಸ್ವತಂತ್ರ ಪಕ್ಷ, ಜನಸಂಘ ಮುಂತಾದ ವಿರೋಧ ಪಕ್ಷಗಳು ಅವರನ್ನು ಡಾ. ಝಾಕಿರ್ ಹುಸೇನ್ ಎದುರು ನಿಲ್ಲಿಸಿದವು. ಮೊನ್ನೆಯವರೆಗೆ ಸರ್ಕಾರದ ವಿರುದ್ಧ ತೀರ್ಪು ಕೊಟ್ಟವರು ಇಂದು ಅದರ ವಿರೋಧಿಗಳ ಅಭ್ಯರ್ಥಿ. ಟೀಕೆ ಸಹಜ. ಅವರ ತೀರ್ಪುಗಳ ಮೇಲೆ ಇಲ್ಲದ ಅನುಮಾನವನ್ನು ಅವರೇ ಎಳೆದುಕೊಂಡರು ಎಂದೇ ನಮಗನ್ನಿಸುತ್ತದೆ. ಸೋತರು, ಆದರೆ ಹೀನಾಯವಾಗಿ ಅಲ್ಲ: ಝಾಕಿರ್ ಹುಸೇನರ ಮತಮೌಲ್ಯ 4,71,244, ಇವರದು 3,63,971.

ಗೋಲಕನಾಥ್ ವಿಷಯದಲ್ಲಿ ನಮ್ಮ ನಡುವೆಯೇ ಜಗಳವಿದೆ. ಕೋರ್ಟಿಗೆ ಹೋಗಿದ್ದವರು ಪಂಜಾಬಿನ ದೊಡ್ಡ ಜಮೀನುದಾರರು. ನಮ್ಮಲ್ಲಿ ಹಲವರ ಅಜ್ಜಂದಿರು ಗೇಣಿದಾರರು. 1974ರ ಭೂಸುಧಾರಣೆಯಲ್ಲಿ ಹೊಲ ಸಿಕ್ಕಿದ್ದರಿಂದಲೇ ಮೊಮ್ಮಕ್ಕಳು ಡಿಪ್ಲೊಮಾ ಮಾಡಿದ್ದು. ಸರ್ಕಾರದ ಕೈ ಕಟ್ಟಿದ್ದರೆ ಆ ಹೊಲ ಬರುತ್ತಿತ್ತೇ? ಸುಬ್ಬರಾವ್ ಹಳೆಯ ಭೂಕಾನೂನುಗಳನ್ನು ರದ್ದು ಮಾಡಲಿಲ್ಲ, ಇನ್ನು ಮುಂದೆ ಹೀಗೆ ಮಾಡಬೇಡಿ ಎಂದರಷ್ಟೇ. ಆದರೆ ನಮ್ಮ ಅಜ್ಜಂದಿರ ಸರದಿ ಬಂದದ್ದೇ ಆ 'ಇನ್ನು ಮುಂದೆ'ಯಲ್ಲಿ. 1973ರಲ್ಲಿ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಪ್ರಕರಣದಲ್ಲಿ ಕೋರ್ಟು ಗೋಲಕನಾಥ್ ತೀರ್ಪನ್ನು ಬದಿಗಿಟ್ಟಿತು: ತಿದ್ದಬಹುದು, ಸಂವಿಧಾನದ ಮೂಲ ಸ್ವರೂಪ ಕೆಡಿಸಬೇಡಿ ಎಂದಿತು. ನಮಗೆ ಒಪ್ಪಿಗೆಯಾಗುವುದು ಈ ಬೇಲಿ.

ಖರಕ್ ಸಿಂಗ್ ವಿಷಯದಲ್ಲಿ ಮಾತ್ರ ನಮಗೆ ಜಗಳವಿಲ್ಲ. ಸುಬ್ಬರಾವ್ 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ ತೀರಿಕೊಂಡರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಪ್ರಶ್ನಿಸಿ ಹಾಕಿದ ಅರ್ಜಿಯಿಂದಾಗಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಐವತ್ತನಾಲ್ಕು ವರ್ಷ ಹಿಂದಿನ ಆ ಭಿನ್ನ ತೀರ್ಪೇ ಸರಿಯಿತ್ತು ಎಂದೂ ಹೇಳಿತು. ನಮ್ಮ ತಾಲ್ಲೂಕಿನಲ್ಲಿ ಪರೇಡ್ ಅದಾದ ಮೇಲೂ ನಡೆದಿದೆ; ಸುದ್ದಿ ಕಳಿಸಿದವರು ನಾವೇ.